ಹತ್ತರಲ್ಲಿ ಆರೇ ಮೊಳಕೆ ಬಂದಿವೆ ಮಾಮ, ಎಂಟು ಅಂತ ಬರೀಲಾ?

ಜನವರಿ ಕೊನೆಯ ವಾರ, ರಾತ್ರಿ ಒಂಬತ್ತರ ಹೊತ್ತಿಗೆ ಅಕ್ಕನ ಮಗಳ ಫೋನ್ ಬಂತು. ಅವಳಿರೋದು ಆಲೂರು ತಾಲ್ಲೂಕಿನ ಪಾಳ್ಯ ಹೋಬಳಿಯ ಒಂದು ಊರಲ್ಲಿ. ಈ ಸಲ ಎಸ್ಎಸ್ಎಲ್‌ಸಿ. ವಿಜ್ಞಾನದ ಪ್ರಾಜೆಕ್ಟಿಗೆ ಅಂತ ಅವಳೇ ಒಂದು ಪ್ರಯೋಗ ಮಾಡಿದ್ದಳು. ಎರಡು ತಟ್ಟೆ, ಎರಡರಲ್ಲೂ ಒದ್ದೆ ಬಟ್ಟೆ, ಒಂದೊಂದರಲ್ಲೂ ಮನೆಯ ಮೂಟೆಯಿಂದ ತೆಗೆದ ಹತ್ತತ್ತು ಭತ್ತದ ಕಾಳು. ಒಂದು ತಟ್ಟೆಗೆ ಬಾವಿ ನೀರು. ಇನ್ನೊಂದಕ್ಕೆ ತೋಟದ ಪಲ್ಪರ್ ಮನೆಯಿಂದ ಹೊರಗೆ ಹರಿಯುವ ನೀರು. ಏಳು ದಿನ ಬಿಟ್ಟು ಎಣಿಸಿದರೆ ಬಾವಿ ನೀರಲ್ಲಿ 9 ಮೊಳಕೆ, ಪಲ್ಪರ್ ನೀರಲ್ಲಿ 6.

"ಆರು ಅಂತ ಬರೆದ್ರೆ ಪಲ್ಪರ್ ನೀರು ಕೆಟ್ಟದ್ದು ಅಂತ ಆಗುತ್ತಲ್ವಾ ಮಾಮ? ಎಂಟು ಅಂತ ಬರೆದು 'ಹೆಚ್ಚು ವ್ಯತ್ಯಾಸ ಕಂಡುಬರಲಿಲ್ಲ' ಅಂತ ಹಾಕ್ಲಾ? ಫ್ರೆಂಡ್ಸ್ ಹಂಗೇ ಹಾಕು ಅಂತಿದಾರೆ."

ಒಂದು ವಿಷಯ ಹೇಳಬೇಕು. ಅವಳಪ್ಪ, ಅಂದರೆ ನನ್ನ ಭಾವ, ಆ ನೀರು ಹೊರಗೆ ಬಿಡೋ ತೋಟದಲ್ಲೇ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯೋದು, ಸಂಜೆ ಕೊಯ್ಲಿನ ತೂಕ ಬರೆಯೋದು ಅವರ ಕೆಲಸ. ಸಕಲೇಶಪುರ–ಆಲೂರು ಕಡೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. ತೋಟದ ನೀರಿನ ಬಗ್ಗೆ ಮಾತಾಡೋದು ಅಂದ್ರೆ ಅನ್ನದ ಬಗ್ಗೆ ಮಾತಾಡಿದ ಹಾಗೆ.

'ಸುಳ್ಳು ಬರೀಬೇಡ' ಅಂತ ಹೇಳಿ ಫೋನ್ ಇಡಬಹುದಿತ್ತು. ಅದು ಅರ್ಧ ಉತ್ತರ ಅಷ್ಟೇ. ಅವಳ ಪ್ರಶ್ನೆಯ ಇನ್ನರ್ಧ ಇನ್ನೂ ಮುಖ್ಯವಾದದ್ದು. 9 ಮತ್ತು 6 ಅನ್ನೋ ಎರಡು ಸಂಖ್ಯೆ ನಿಜಕ್ಕೂ ಏನು ಹೇಳುತ್ತವೆ? ಪಲ್ಪರ್ ನೀರು ಕೆಟ್ಟದ್ದು ಅಂತ ಹೇಳುತ್ತವಾ? ಮೊಟ್ಟೆ, ರಕ್ತಹೀನತೆ, ಪರೀಕ್ಷೆ ಫಲಿತಾಂಶ ಅಂತ ದಿನಾ ಅಂಕಿಅಂಶ ಹಿಡಿದು ಜಗಳ ಆಡುವ ನಮಗೆಲ್ಲ ಬೇಕಿರುವ ಪಾಠ ಇದೇ. ಅದನ್ನ ಕಲಿಸಬೇಕಿದ್ದ ಜಾಗ ಜೀವಶಾಸ್ತ್ರದ ಪ್ರಯೋಗ.

ನಾವೆಲ್ಲ ಬರೆದ ಸುಳ್ಳು ರೆಕಾರ್ಡ್

ಮೊದಲು ನನ್ನ ತಪ್ಪೊಪ್ಪಿಗೆ. ಹೈಸ್ಕೂಲಲ್ಲಿ ನಾವು ಪ್ರಯೋಗ ಮಾಡಿ ರೆಕಾರ್ಡ್ ಬರೆದವರಲ್ಲ. ಹಿಂದಿನ ವರ್ಷದವರ ರೆಕಾರ್ಡ್ ಇಸ್ಕೊಂಡು ಬಂದು ಕೋಷ್ಟಕ ಕಾಪಿ ಮಾಡಿದವರು. ಚಿತ್ರಕ್ಕೆ ಪೆನ್ಸಿಲ್ ನೀಟಾಗಿದ್ದರೆ ಮಾರ್ಕ್ಸ್. ಎಂಜಿನಿಯರಿಂಗಿಗೆ ಹೋದ ಮೇಲೆ ಇನ್ನೂ ಮುಂದುವರಿದೆವು: ಬರಬೇಕಾದ ಉತ್ತರ ಮೊದಲೇ ಗೊತ್ತಿರುತ್ತಿತ್ತು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬಿಸುತ್ತಿದ್ದೆವು. ವೈವಾದಲ್ಲಿ ಯಾರೂ 'ನಿಮ್ಮ ರೀಡಿಂಗ್ ಯಾಕೆ ಇಷ್ಟು ಚೆನ್ನಾಗಿದೆ' ಅಂತ ಕೇಳಲಿಲ್ಲ. ಕೇಳಬೇಕಿತ್ತು.

ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡಿ. ಪ್ರಮಾಣೀಕೃತ ಭತ್ತದ ಬಿತ್ತನೆ ಬೀಜಕ್ಕೆ ಕಾನೂನು ಕೇಳುವ ಕನಿಷ್ಠ ಮೊಳಕೆ ಪ್ರಮಾಣ ಶೇ 80. ನಿಖರವಾಗಿ ಶೇ 80ರಷ್ಟು ಮೊಳೆಯುವ ಬೀಜ ನಮ್ಮ ಹತ್ತಿರ ಇದೆ ಅಂದುಕೊಳ್ಳಿ. ತರಗತಿಯಲ್ಲಿ 30 ಮಕ್ಕಳು, ಒಬ್ಬೊಬ್ಬರಿಗೂ 10 ಕಾಳು. ಎಲ್ಲರೂ ಪ್ರಾಮಾಣಿಕವಾಗಿ ಎಣಿಸಿದರೆ ಎಷ್ಟು ಜನಕ್ಕೆ ಸರಿಯಾಗಿ 8 ಬರುತ್ತೆ? ಬರೀ ಒಂಬತ್ತು ಜನಕ್ಕೆ. ಸುಮಾರು ಎಂಟು ಜನಕ್ಕೆ 9 ಬರುತ್ತೆ, ಆರು ಜನಕ್ಕೆ 7, ಮೂರು ಜನಕ್ಕೆ ಹತ್ತಕ್ಕೆ ಹತ್ತೂ ಮೊಳೆತಿರುತ್ತೆ. ಉಳಿದ ಮೂರು-ನಾಲ್ಕು ಜನಕ್ಕೆ 6 ಅಥವಾ ಅದಕ್ಕಿಂತ ಕಡಿಮೆ. ಬೀಜ ಒಂದೇ, ನೀರು ಒಂದೇ, ತಪ್ಪು ಯಾರದ್ದೂ ಅಲ್ಲ. ಸಣ್ಣ ಎಣಿಕೆಯ ಗುಣವೇ ಹಾಗೆ, ಅದು ಅಲುಗಾಡುತ್ತೆ.

ಹಾಗಾಗಿ 30 ರೆಕಾರ್ಡಲ್ಲೂ '8' ಅಂತಿದ್ದರೆ ಅದು ಒಳ್ಳೆ ತರಗತಿಯ ಲಕ್ಷಣ ಅಲ್ಲ, ಯಾರೂ ಎಣಿಸಿಲ್ಲ ಅನ್ನೋದಕ್ಕೆ ಸಾಕ್ಷಿ. 6 ಬಂದವಳು 8 ಅಂತ ತಿದ್ದಿದ ಕ್ಷಣ ಅವಳ ಕಾಳುಗಳು ಹೇಳಬೇಕಿದ್ದ ಮಾತು ಸತ್ತುಹೋಯಿತು.

ಇದು ನಮ್ಮೂರ ಮಕ್ಕಳ ಸಮಸ್ಯೆ ಮಾತ್ರ ಅಲ್ಲ. ಹತ್ತನೇ ತರಗತಿಯಲ್ಲಿ ಓದುವ ಗ್ರೆಗರ್ ಮೆಂಡಲ್ ನೆನಪಿದೆಯಲ್ಲ, ಬಟಾಣಿ ಗಿಡದ ಪಾದ್ರಿ? ಎರಡನೇ ಪೀಳಿಗೆಯಲ್ಲಿ ಅವನು ಎಣಿಸಿದ್ದು 5,474 ದುಂಡು ಬೀಜ, 1,850 ಸುಕ್ಕು ಬೀಜ. ಅನುಪಾತ 2.96:1. ಹಳದಿ 6,022, ಹಸಿರು 2,001. ಅನುಪಾತ 3.01:1. ಪಠ್ಯದ 3:1ಕ್ಕೆ ಎಷ್ಟು ಹತ್ತಿರ ನೋಡಿ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಮೆಂಡಲ್‌ನ ಎಲ್ಲ ಪ್ರಯೋಗಗಳ ಅಂಕಿಗಳನ್ನ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ. ಒಂದೊಂದನ್ನೇ ನೋಡಿದರೆ ತೊಂದರೆ ಇಲ್ಲ, ಆದರೆ ಎಲ್ಲವೂ ಸೇರಿ ನಿರೀಕ್ಷೆಗೆ ಇಷ್ಟೊಂದು ಹತ್ತಿರ ಇರೋದು ಅನುಮಾನಕ್ಕೆ ಎಡೆ ಕೊಡುತ್ತೆ ಅಂದ. ಗುರುವಿಗೆ ಏನು ಬೇಕು ಅಂತ ಗೊತ್ತಿದ್ದ ಸಹಾಯಕ ಯಾರಾದರೂ ಎಣಿಕೆ ತಿದ್ದಿರಬಹುದು ಅಂತಲೂ ಊಹಿಸಿದ. ಆ ಚರ್ಚೆ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಮೆಂಡಲ್‌ನ ನಿಯಮ ಸರಿ ಅಂತ ಜಗತ್ತಿನ ಬೇರೆ ಬೇರೆ ಹೊಲಗಳಲ್ಲಿ ಮತ್ತೆ ಮತ್ತೆ ಸಾಬೀತಾಗಿದೆ. ಆದರೂ ಫಿಶರ್ ಕೇಳಿದ ಪ್ರಶ್ನೆ ಉಳಿಯುತ್ತೆ: ಅಂಕಿ ಇಷ್ಟು ಚೆಂದ ಯಾಕಿದೆ?

ಐದು ಚೀಟಿಯ ಆಟ

ಸರಿ, ಅವಳು 6 ಅಂತಲೇ ಬರೆದಳು ಅಂದುಕೊಳ್ಳೋಣ. ಈಗ ಪಲ್ಪರ್ ನೀರು ಅಪರಾಧಿಯಾ?

ಫೋನಲ್ಲೇ ಒಂದು ಆಟ ಹೇಳಿಕೊಟ್ಟೆ. ಒಟ್ಟು 20 ಕಾಳಲ್ಲಿ ಮೊಳೆಯದೇ ಉಳಿದವು 5 (ಬಾವಿ ನೀರಲ್ಲಿ 1, ಪಲ್ಪರ್ ನೀರಲ್ಲಿ 4). ನೀರಿಗೂ ಮೊಳಕೆಗೂ ಸಂಬಂಧವೇ ಇಲ್ಲ, ಈ 5 ಕಾಳು ಮೂಟೆಯಲ್ಲಿದ್ದಾಗಲೇ ಜೊಳ್ಳು ಅಂತ ಇಟ್ಟುಕೋ. ಹಾಗಿದ್ದರೆ ಅವು ಯಾವ ತಟ್ಟೆಗೆ ಬಿದ್ದವು ಅನ್ನೋದು ಬರೀ ಅದೃಷ್ಟ. ಈಗ 20 ಚೀಟಿ ಮಾಡು, ಐದರ ಮೇಲೆ 'ಜೊಳ್ಳು' ಅಂತ ಬರಿ. ಕಲಸಿ, ಕಣ್ಣು ಮುಚ್ಚಿ ಹತ್ತು ಚೀಟಿ ಎತ್ತು. ಅದು ಪಲ್ಪರ್ ತಟ್ಟೆ. ಅದರಲ್ಲಿ ನಾಲ್ಕು ಅಥವಾ ಐದು ಜೊಳ್ಳು ಬಂದವಾ? ಬಂದರೆ ಗುರುತು ಹಾಕು. ನೂರು ಸಲ ಮಾಡು.

ಅವಳು ಮಾಡೋ ಮೊದಲೇ ಉತ್ತರ ಕೈಲೆಕ್ಕದಲ್ಲಿ ಸಿಗುತ್ತೆ. ನೂರರಲ್ಲಿ ಸುಮಾರು 15 ಸಲ ಹಾಗೆ ಬರುತ್ತೆ. ಅಂದರೆ ಪಲ್ಪರ್ ನೀರು ಪೂರ್ತಿ ನಿರಪರಾಧಿ ಆಗಿದ್ದರೂ, ಆರೇಳು ಪ್ರಯೋಗಕ್ಕೆ ಒಂದು ಸಲ ಇಂಥ ಫಲಿತಾಂಶ ಸುಮ್ಮನೆ ಬಂದುಬಿಡುತ್ತೆ. ಯಾರನ್ನಾದರೂ ಕಟಕಟೆಗೆ ಏರಿಸೋಕೆ ಇದು ಸಾಲದು. ವಿಜ್ಞಾನಿಗಳು ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಮಾತ್ರ 'ಇಲ್ಲೇನೋ ಇದೆ' ಅಂತ ಬಾಯಿ ತೆರೆಯುತ್ತಾರೆ. ಆ ಐದು ಅನ್ನೋದು ದೇವರು ಕೊಟ್ಟ ಗೆರೆ ಅಲ್ಲ, ಎಲ್ಲೋ ಒಂದು ಕಡೆ ಎಳೆಯಬೇಕು ಅಂತ ಮನುಷ್ಯರು ಎಳೆದುಕೊಂಡಿದ್ದು.

ಇಲ್ಲಿ ಎಲ್ಲರೂ ಜಾರಿ ಬೀಳುವ ಒಂದು ಗುಂಡಿ ಇದೆ. 'ಸಾಬೀತಾಗಿಲ್ಲ' ಅನ್ನೋದನ್ನ 'ತೊಂದರೆ ಇಲ್ಲ' ಅಂತ ಓದೋದು. ತೋಟದ ಮಾಲೀಕರು, ಕಾರ್ಖಾನೆಯವರು, ಸರ್ಕಾರ ಎಲ್ಲರಿಗೂ ಈ ಗುಂಡಿ ಇಷ್ಟ. 'ದುಷ್ಪರಿಣಾಮಕ್ಕೆ ಪುರಾವೆ ಸಿಕ್ಕಿಲ್ಲ' ಅಂತ ಪತ್ರಿಕಾ ಹೇಳಿಕೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಕಾಳು ಇಟ್ಟು ನೋಡಿದಿರಿ? ಹತ್ತು ಕಾಳು ಇಟ್ಟವನಿಗೆ ಏನೂ ಸಿಗೋದಿಲ್ಲ. ಕೆಲವೊಮ್ಮೆ ಸಿಗಬಾರದು ಅಂತಲೇ ಹತ್ತು ಇಡ್ತಾರೆ.

ಹಾಗಾದರೆ ಎಷ್ಟು ಬೇಕು? ಬೀಜ ಪರೀಕ್ಷೆಯ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ 400 ಕಾಳು ಇಡ್ತಾರೆ, ನೂರರ ನಾಲ್ಕು ಗುಂಪು ಮಾಡಿ. ಕಾರಣ ಇದೇ ಅಲುಗಾಟ. ಶೇ 80ರ ಬೀಜವನ್ನ ಹತ್ತರಲ್ಲಿ ನೋಡಿದರೆ ಫಲಿತಾಂಶ ಶೇ 60ರಿಂದ 100ರ ತನಕ ಎಲ್ಲಿ ಬೇಕಾದರೂ ಬೀಳಬಹುದು. 400ರಲ್ಲಿ ನೋಡಿದರೆ ಬಹುಪಾಲು ಸಲ 76ರಿಂದ 84ರ ಒಳಗೇ ನಿಲ್ಲುತ್ತೆ. ಕಾಳು 40 ಪಟ್ಟು ಹೆಚ್ಚಾದರೆ ಅಲುಗಾಟ 40 ಪಟ್ಟು ಕಡಿಮೆ ಆಗಲ್ಲ, ಆರು ಪಟ್ಟಿನಷ್ಟು ಕಡಿಮೆ ಆಗುತ್ತೆ. ವರ್ಗಮೂಲದ ಲೆಕ್ಕ. ಅದಕ್ಕೇ ನಿಖರತೆ ದುಬಾರಿ. ಕಳಪೆ ಬೀಜ ಕೊಟ್ಟರು ಅಂತ ಜಗಳಕ್ಕೆ ಹೋದ ರೈತ ಮನೆಯಲ್ಲಿ ಹತ್ತು ಕಾಳು ನೆನೆಹಾಕಿ ತೋರಿಸಿದರೆ ಕಂಪನಿಯವನು ನಗೋದೂ ಇದಕ್ಕೇ.

ಹಾಗಂತ ಲ್ಯಾಬೇ ಬೇಕು ಅಂತೇನಿಲ್ಲ. ಅವಳ ಜೊತೆ ಇನ್ನೂ ನಾಲ್ಕು ಜನ ಸೇರಿ ಒಬ್ಬೊಬ್ಬರೂ ಹತ್ತತ್ತು ಕಾಳು ಇಟ್ಟರೆ ಒಂದೊಂದು ನೀರಿಗೂ 50 ಕಾಳು ಆಯ್ತು. ಆಗಲೂ ಇದೇ ಪ್ರಮಾಣ ಬಂತು, ಅಂದರೆ 50ಕ್ಕೆ 45 ಮತ್ತು 50ಕ್ಕೆ 30 ಅಂತಿಟ್ಟುಕೊಳ್ಳಿ. ಚೀಟಿ ಆಟದಲ್ಲಿ ಅದು ಸುಮ್ಮನೆ ಬರೋದು ಸಾವಿರ ಸಲಕ್ಕೆ ಒಂದು ಸಲವೂ ಕಷ್ಟ. ಶೇಕಡಾ ಲೆಕ್ಕ ಅದೇ 90 ಮತ್ತು 60. ಅರ್ಥ ಮಾತ್ರ ಪೂರ್ತಿ ಬೇರೆ. ಶೇಕಡಾ ಕಂಡ ಕೂಡಲೇ 'ಎಷ್ಟರಲ್ಲಿ?' ಅಂತ ಕೇಳೋದು ಅಭ್ಯಾಸ ಆಗಬೇಕು.

ನೀರೇ ಕಾರಣ ಅಂತ ಹೇಗೆ ಹೇಳ್ತೀಯ?

ಲೆಕ್ಕ ಗೆದ್ದರೂ ವಾದ ಗೆದ್ದ ಹಾಗಲ್ಲ. "ತಟ್ಟೆ ಎಲ್ಲಿಟ್ಟಿದ್ದೆ?" ಅಂತ ಕೇಳಿದೆ. ಬಾವಿ ನೀರಿನದ್ದು ಅಡುಗೆಮನೆ ಕಟ್ಟೆ ಮೇಲೆ. ಪಲ್ಪರ್ ನೀರಿನದ್ದು ವಾಸನೆ ಬರುತ್ತೆ ಅಂತ ಅಮ್ಮ ಹಿತ್ತಲ ಜಗಲಿಗೆ ಎತ್ತಿಟ್ಟಿದ್ದಳಂತೆ. ಜನವರಿಯ ಪಾಳ್ಯದ ಚಳಿ ಗೊತ್ತಿರೋರಿಗೆ ಇಷ್ಟು ಸಾಕು. ಒಂದು ತಟ್ಟೆಗೆ ಒಲೆಯ ಬಿಸಿ, ಇನ್ನೊಂದಕ್ಕೆ ಬೆಳಗಿನ ಮಂಜು. ಭತ್ತ ಬೆಚ್ಚಗಿದ್ದರೆ ಬೇಗ ಮೊಳೆಯುತ್ತೆ, ಚಳಿಗೆ ತಡ ಮಾಡುತ್ತೆ. 6 ಬಂದದ್ದು ನೀರಿಂದಲೋ ಚಳಿಯಿಂದಲೋ ಈ ಪ್ರಯೋಗ ಹೇಳೋದಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ಉಳಿದ ಕಾಳೂ ಮೊಳೆಯುತ್ತಿದ್ದವೋ ಏನೋ. ಭತ್ತದ ಕೊನೆಯ ಎಣಿಕೆ ಮಾಡೋದು 14ನೇ ದಿನ.

ಪಠ್ಯಪುಸ್ತಕ 'ನಿಯಂತ್ರಿತ ಪ್ರಯೋಗ' ಅಂತ ಒಂದು ಸಾಲಲ್ಲಿ ಹೇಳಿ ಮುಗಿಸೋದು ಇದನ್ನೇ. ಎಲ್ಲವೂ ಒಂದೇ ಇರಬೇಕು, ಪರೀಕ್ಷೆ ಮಾಡ್ತಿರೋದು ಒಂದನ್ನ ಬಿಟ್ಟು. ಜಾಗ ಒಂದೇ, ಬಟ್ಟೆ ಒಂದೇ, ಕಾಳನ್ನ ಕಣ್ಣಳತೆಯಲ್ಲಿ ಆರಿಸದೆ ಚೀಟಿ ಎತ್ತಿ ಹಂಚಬೇಕು. ಎಣಿಸುವವರಿಗೆ ಯಾವ ತಟ್ಟೆ ಯಾವ ನೀರಿನದ್ದು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದು. ಯಾಕಂದ್ರೆ ಅರ್ಧ ಬಿರಿದ ಕಾಳನ್ನ 'ಮೊಳಕೆ' ಅಂತ ಎಣಿಸಬೇಕೋ ಬೇಡವೋ ಅನ್ನೋ ಜಾಗದಲ್ಲಿ ನಮ್ಮ ಆಸೆ ಬಂದು ಕೂರುತ್ತೆ. ಅದಕ್ಕೇ ಮೊದಲೇ ನಿಯಮ ಬರೆದಿಟ್ಟುಕೋಬೇಕು: ಬೇರು ಇಷ್ಟು ಉದ್ದ ಬಂದರೆ ಮಾತ್ರ ಮೊಳಕೆ.

ನೀರೇ ಕಾರಣ ಅಂತ ಗೊತ್ತಾದ ಮೇಲೂ 'ನೀರಲ್ಲಿ ಏನು?' ಅನ್ನೋ ಪ್ರಶ್ನೆ ಇರುತ್ತೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜದ ಲೋಳೆ ತೊಳೆದಾಗ ಆ ನೀರಿಗೆ ಸಕ್ಕರೆ, ಪೆಕ್ಟಿನ್ ಎಲ್ಲ ಸೇರುತ್ತೆ. ನಿಂತಲ್ಲೇ ಹುದುಗುತ್ತೆ, ಹುಳಿಯಾಗುತ್ತೆ. ಹಾಗೇ ಹಳ್ಳಕ್ಕೆ ಬಿಟ್ಟರೆ ಆ ಸಕ್ಕರೆ ತಿನ್ನೋಕೆ ಸೂಕ್ಷ್ಮಜೀವಿಗಳು ಮುಗಿಬಿದ್ದು ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತೆ. ಹುಳಿಯೇ ಕಾರಣವಾ ಅಂತ ನೋಡಬೇಕಾದರೆ ಮೂರನೇ ತಟ್ಟೆ ಇಡಬೇಕು: ಬಾವಿ ನೀರಿಗೆ ನಿಂಬೆರಸ ಹಿಂಡಿ, ಲಿಟ್ಮಸ್ ಬದಲು ಪಿಎಚ್ ಪಟ್ಟಿಯಲ್ಲಿ ನೋಡಿ ಅಷ್ಟೇ ಹುಳಿ ಮಾಡಿದ್ದು. ನಾಲ್ಕನೆಯದು, ಐದನೆಯದು: ಪಲ್ಪರ್ ನೀರನ್ನ ಅರ್ಧಕ್ಕೆ, ಹತ್ತನೇ ಒಂದು ಭಾಗಕ್ಕೆ ತೆಳು ಮಾಡಿದ್ದು. ನೀರು ತೆಳುವಾದಷ್ಟೂ ಮೊಳಕೆ ಹೆಚ್ಚುತ್ತಾ ಹೋದರೆ ವಾದಕ್ಕೆ ಬಲ ಬರುತ್ತೆ. ನಮ್ಮ ಹಳ್ಳಗಳೆಲ್ಲ ಹೋಗಿ ಸೇರೋದು ಹೇಮಾವತಿಗೆ, ಅಲ್ಲಿಂದ ಗೊರೂರು ಅಣೆಕಟ್ಟೆಗೆ. ಆ ನೀರು ಕುಡಿಯೋರು ತುಮಕೂರಿನ ತನಕ ಇದ್ದಾರೆ. ಹೈಸ್ಕೂಲು ಹುಡುಗಿಯ ಐದು ತಟ್ಟೆ ಅಷ್ಟು ದೂರದ ಪ್ರಶ್ನೆ.

ಶಿರಾಡಿ ಹತ್ತಿದರೆ ರಕ್ತಹೀನತೆ

ಈಗ ಕಾಳಿಂದ ಮನುಷ್ಯರಿಗೆ ಬರೋಣ. ಹತ್ತನೇ ತರಗತಿ ವಿಜ್ಞಾನ ಪುಸ್ತಕದ ಜೀವಕ್ರಿಯೆಗಳ ಅಧ್ಯಾಯದಲ್ಲಿ ಒಂದು ಚಟುವಟಿಕೆ ಇದೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಸಾಮಾನ್ಯ ಮಟ್ಟ ಎಷ್ಟು ಅಂತ ಕೇಳಿ, ಮಕ್ಕಳಿಗೂ ದೊಡ್ಡವರಿಗೂ, ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಇದೆಯಾ, ಯಾಕೆ ಅಂತ ಚರ್ಚಿಸಿ. ಪುಸ್ತಕದ ಅತ್ಯುತ್ತಮ ಚಟುವಟಿಕೆಗಳಲ್ಲಿ ಇದೂ ಒಂದು. ನಮ್ಮ ಕಾಲದಲ್ಲಂತೂ ಇಂಥವನ್ನ ಯಾರೂ ಮಾಡಿಸುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 15 ವರ್ಷ ದಾಟಿದ, ಗರ್ಭಿಣಿ ಅಲ್ಲದ ಹುಡುಗಿಗೆ ಗೆರೆ 12 ಗ್ರಾಂ (ಒಂದು ಡೆಸಿಲೀಟರ್ ರಕ್ತಕ್ಕೆ), ಗಂಡಸಿಗೆ 13. ಅದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಆದರೆ ಈ ಗೆರೆ ಸಮುದ್ರ ಮಟ್ಟದ್ದು. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳು, ಆಮ್ಲಜನಕ ಕಡಿಮೆ ಸಿಗುತ್ತೆ. ದೇಹ ಅದನ್ನ ಸರಿದೂಗಿಸೋಕೆ ಹಿಮೋಗ್ಲೋಬಿನ್ ಹೆಚ್ಚು ಮಾಡಿಕೊಳ್ಳುತ್ತೆ. ಹಾಗಾಗಿ ಎತ್ತರದಲ್ಲಿರೋರ ಅಂಕಿಯಿಂದ ಸ್ವಲ್ಪ ಕಳೆದು ಓದಬೇಕು. ಮುಂಚೆ ಈ ಕಳೆಯುವ ಲೆಕ್ಕ ಶುರುವಾಗ್ತಿದ್ದದ್ದು 1,000 ಮೀಟರಿಂದ. 2024ರ ಹೊಸ ಮಾರ್ಗಸೂಚಿಯಲ್ಲಿ 500 ಮೀಟರಿಂದಲೇ ಶುರು. 500ರಿಂದ 999 ಮೀಟರ್ ಎತ್ತರದವರಿಗೆ 0.4 ಗ್ರಾಂ ಕಳೆಯಬೇಕು.

ಸಕಲೇಶಪುರ ಇರೋದು 900 ಮೀಟರಿಗೂ ಮೇಲೆ. ಮಂಗಳೂರು ಸಮುದ್ರದ ದಂಡೆಯಲ್ಲಿ. 12.2 ಬಂದ ಹುಡುಗಿ ಮಂಗಳೂರಲ್ಲಿ ಆರೋಗ್ಯವಂತೆ. ಅದೇ 12.2 ಸಕಲೇಶಪುರದವಳಿಗೆ ಬಂದರೆ 0.4 ಕಳೆದು 11.8, ಅಂದರೆ ರಕ್ತಹೀನತೆ. ನಡುವೆ ಇರೋದು ಶಿರಾಡಿ ಘಾಟಿ ಮಾತ್ರ. ನಮ್ಮ ಬೆಟ್ಟದ ಶಾಲೆಗಳಲ್ಲಿ 12ರ ಗೆರೆ ಇಟ್ಟು ಎಣಿಸಿದರೆ ಗೆರೆಯ ಅಂಚಲ್ಲಿರುವ ಹುಡುಗಿಯರು ಪಟ್ಟಿಯಿಂದ ಬಿಟ್ಟುಹೋಗ್ತಾರೆ, ಕಬ್ಬಿಣದ ಮಾತ್ರೆ ತಪ್ಪುತ್ತೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಯಂತ್ರ ಕೆಟ್ಟಿಲ್ಲ. ಓದುವ ಕ್ರಮ ತಪ್ಪಿದೆ ಅಷ್ಟೇ.

ರಕ್ತ ಎಲ್ಲಿಂದ ತೆಗೆದರು ಅನ್ನೋದೂ ಮುಖ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳ ತುದಿ ಚುಚ್ಚಿ ಹನಿ ರಕ್ತ ತೆಗೆಯುತ್ತಿತ್ತು. ಜೋರಾಗಿ ಹಿಂಡಿದರೆ ಅಂಗಾಂಶದ ದ್ರವವೂ ಸೇರಿ ರೀಡಿಂಗ್ ಬದಲಾಗುತ್ತೆ. ರಕ್ತನಾಳದಿಂದ ತೆಗೆದ ರಕ್ತದ ರೀಡಿಂಗ್ ಇದಕ್ಕಿಂತ ನಂಬಿಕಸ್ತ. 2019–21ರ ಐದನೇ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಅಂತ ಬಂತು, ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 53 ಇತ್ತು. ಆಮೇಲೆ ಆರನೇ ಸಮೀಕ್ಷೆಯಿಂದ ಈ ಪರೀಕ್ಷೆಯನ್ನೇ ಕೇಂದ್ರ ಸರ್ಕಾರ ಕೈಬಿಟ್ಟಿತು, ರಕ್ತನಾಳದ ರಕ್ತ ಬಳಸುವ ಬೇರೆ ಸಮೀಕ್ಷೆ ಮಾಡ್ತೀವಿ ಅಂತ. ವಿಧಾನ ಸುಧಾರಿಸಬೇಕು ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಅಳತೆಗೋಲು ಬದಲಾದ ಮೇಲೆ ಹೊಸ ಅಂಕಿ ಕಡಿಮೆ ಬಂದರೆ 'ನಾವು ರಕ್ತಹೀನತೆ ಇಳಿಸಿದೆವು' ಅಂತ ಯಾರೂ ಹೇಳೋ ಹಾಗಿಲ್ಲ. ಹೇಳಿದರೆ ಹಿಡಿದು ಕೇಳಬೇಕು.

ಇದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆಯಲ್ಲ. 2023ರಲ್ಲಿ ಎಸ್ಎಸ್ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40. ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ 21ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಇಲ್ಲ. ಅಳೆಯುವ ರೀತಿ ಬದಲಾಯಿತು.

ಯಾದಗಿರಿಯ ಮೊಟ್ಟೆ, ಗದಗದ ತಕ್ಕಡಿ

ಕರ್ನಾಟಕದ ಶಾಲೆಗಳಲ್ಲಿ ನಡೆದ ಅತಿ ದೊಡ್ಡ ಜೀವಶಾಸ್ತ್ರ ಪ್ರಯೋಗ ಯಾವುದು ಗೊತ್ತಾ? ಮೊಟ್ಟೆ.

2021ರ ಡಿಸೆಂಬರ್‌ನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕು ಅಂತ ಮಕ್ಕಳೇ ಎದ್ದು ನಿಂತು ಮಾತಾಡಿದರು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಸಂಬಂಧಿಸಿದ ರಾಜ್ಯದ ಸಮಿತಿಯೊಂದರ ಪತ್ರ ಮೊಟ್ಟೆ-ಮಾಂಸದಿಂದ ಜೀವನಶೈಲಿ ಕಾಯಿಲೆ ಬರುತ್ತೆ ಅನ್ನೋ ಧಾಟಿಯಲ್ಲಿ ಬರೆಯಿತು. ಅದೇ ಹೊತ್ತಿಗೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ ಬಂತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನ ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿದಾಗ, ಯಾದಗಿರಿಯವರ ತೂಕ ಹೆಚ್ಚು ಏರಿತ್ತು.

ನಾನು ಮೊಟ್ಟೆಯ ಪರ. ಅದಕ್ಕೇ ಈ ಅಂಕಿಯನ್ನ ಎದುರಾಳಿಗಿಂತ ಗಟ್ಟಿಯಾಗಿ ಪರೀಕ್ಷೆ ಮಾಡಬೇಕು.

ಮೊದಲು ಗದಗ ಯಾಕೆ ಬೇಕಿತ್ತು? ಮಕ್ಕಳ ತೂಕ ಮೊಟ್ಟೆ ಕೊಟ್ಟರೂ ಕೊಡದಿದ್ದರೂ ಏರುತ್ತೆ. ಬೆಳೆಯುವ ವಯಸ್ಸು. ಯಾದಗಿರಿಯಲ್ಲಿ ಮಾತ್ರ ತೂಗಿ 'ನೋಡಿ, ಏರಿದೆ' ಅಂದಿದ್ದರೆ ಅದು ಅಧ್ಯಯನ ಅಲ್ಲ, ಜಾಹೀರಾತು. ಗದಗ ಇಲ್ಲಿ ಬಾವಿ ನೀರಿನ ತಟ್ಟೆ. ಹಾಗಾಗಿ ನೋಡಬೇಕಿರೋದು ಎರಡು ಏರಿಕೆಗಳ ನಡುವಿನ ಅಂತರವನ್ನ. ಇಷ್ಟು ಮಾಡಿದ್ದಕ್ಕೇ ಈ ಅಧ್ಯಯನ ಟಿವಿ ಚರ್ಚೆಯ ಎಲ್ಲ ವಾದಗಳಿಗಿಂತ ಮೇಲೆ ನಿಲ್ಲುತ್ತೆ.

ಈಗ ಜಗಲಿಯ ಚಳಿಯ ಪ್ರಶ್ನೆ. ಎರಡು ಜಿಲ್ಲೆಗೆ ಬೇರೆ ಏನೇನು ವ್ಯತ್ಯಾಸ ಇದೆ? ತೀರಾ ಸಣಕಲು ಮಕ್ಕಳಿಗೆ ಸ್ವಲ್ಪ ಪೌಷ್ಟಿಕ ಆಹಾರ ಸಿಕ್ಕರೂ ತೂಕ ಬೇಗ ಏರುತ್ತೆ, ಹಾಗಾಗಿ ಇಬ್ಬರ ಆರಂಭದ ತೂಕ ಎಷ್ಟಿತ್ತು ಅನ್ನೋದು ಬೇಕು. ಸುಗ್ಗಿ ಯಾವಾಗ, ಗುಳೆ ಹೋದವರ ಮಕ್ಕಳು ಲೆಕ್ಕದಲ್ಲಿ ಇದ್ದಾರಾ, ತಕ್ಕಡಿ ಒಂದೇ ಥರದ್ದಾ, ಯೂನಿಫಾರ್ಮ್, ಶೂ ಸಮೇತ ತೂಗಿದರಾ? ಶೇಕಡಾ ಹೇಳಿದಾಗ ಎಷ್ಟರಲ್ಲಿ ಶೇಕಡಾ? ಒಬ್ಬರ ತೂಕ 1 ಕಿಲೋ, ಇನ್ನೊಬ್ಬರದ್ದು 1.5 ಕಿಲೋ ಏರಿದರೆ 'ಶೇ 50 ಹೆಚ್ಚು' ಅಂತಲೂ ಬರೀಬಹುದು, 'ಅರ್ಧ ಕಿಲೋ ಹೆಚ್ಚು' ಅಂತಲೂ ಬರೀಬಹುದು. ಎರಡೂ ನಿಜ. ಹೆಡ್‌ಲೈನ್ ಆಗೋದು ಮೊದಲನೆಯದು.

ಈ ಪ್ರಶ್ನೆಗಳನ್ನೆಲ್ಲ ಕೇಳಿದ ಮೇಲೆ ನಾನು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಊಟದ ಜೊತೆ ಮೊಟ್ಟೆ-ಬಾಳೆಹಣ್ಣು ಸಿಕ್ಕ ಜಿಲ್ಲೆಯ ಮಕ್ಕಳು, ಸಿಗದ ಜಿಲ್ಲೆಯ ಮಕ್ಕಳಿಗಿಂತ ಹೆಚ್ಚು ತೂಕ ಪಡೆದರು. ಮೊಟ್ಟೆಯಲ್ಲಿರುವ ಪ್ರೋಟೀನ್ ಬಗ್ಗೆ ನಮಗೆ ಮೊದಲೇ ಗೊತ್ತಿರುವುದರ ಜೊತೆ ಇದು ಹೊಂದುತ್ತೆ. ಇಡೀ ಅಂತರ ಮೊಟ್ಟೆಯೊಂದರಿಂದಲೇ ಅಂತ ಎರಡು ಜಿಲ್ಲೆಯ ಹೋಲಿಕೆ ಹೇಳಲಾರದು. ಎದುರುಗಡೆಯವರ ತಟ್ಟೆಯಲ್ಲಿ ಏನಿತ್ತು? ನಮ್ಮ ಶಾಲಾ ಮಕ್ಕಳಿಗೆ ಮೊಟ್ಟೆ ಕೊಟ್ಟು ಕಾಯಿಲೆ ಬಂದದ್ದನ್ನ ತೋರಿಸುವ ಒಂದು ತಕ್ಕಡಿ, ಒಂದು ಗದಗ? ಅದಿಲ್ಲ. ಒಂದು ಕಡೆ ಮಿತಿಗಳಿರುವ ಪುರಾವೆ, ಇನ್ನೊಂದು ಕಡೆ ಬರೀ ಅಭಿಪ್ರಾಯ. ಇವೆರಡನ್ನ 'ಪರ-ವಿರೋಧ' ಅಂತ ಸಮ ತೂಗೋದು ಕೂಡ ಒಂದು ಥರದ ಸುಳ್ಳು ರೆಕಾರ್ಡೇ. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗಿನ ಒಪ್ಪಂದದಿಂದ ವಾರಕ್ಕೆ ಆರು ದಿನ ಆಯಿತು. ಈಗ ಪಾಳ್ಯದ ಶಾಲೆಗೂ ಅದು ಬರುತ್ತೆ.

ಹಾಜರಿ ಪುಸ್ತಕ

ಫೋನ್ ಮುಗಿಯೋ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ತೀರ್ಮಾನದ ಜಾಗದಲ್ಲಿ ಏನು ಬರೀಬೇಕು ಅಂತ ಇಬ್ಬರೂ ಸೇರಿ ಬರೆದೆವು: 'ಬಾವಿ ನೀರಿನಲ್ಲಿ 10ಕ್ಕೆ 9, ಪಲ್ಪರ್ ನೀರಿನಲ್ಲಿ 10ಕ್ಕೆ 6 ಕಾಳು ಮೊಳೆತವು. ಕಾಳುಗಳ ಸಂಖ್ಯೆ ಕಡಿಮೆ ಇರುವುದರಿಂದ ಮತ್ತು ತಟ್ಟೆಗಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದರಿಂದ ನೀರೇ ಕಾರಣ ಎಂದು ಹೇಳಲಾಗುವುದಿಲ್ಲ. ಇನ್ನೂ ಹೆಚ್ಚು ಕಾಳುಗಳನ್ನು ಒಂದೇ ಜಾಗದಲ್ಲಿಟ್ಟು ಮತ್ತೆ ನೋಡಬೇಕು.' ತೋಟವನ್ನ ಬೈದಿಲ್ಲ, ಕಾಪಾಡಿಯೂ ಇಲ್ಲ.

"ಇಷ್ಟಕ್ಕೆ ಮಾರ್ಕ್ಸ್ ಕೊಡ್ತಾರಾ?" ಅಂದಳು. ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ ಇಪ್ಪತ್ತರಲ್ಲಿ 'ಗೊತ್ತಾಗಲಿಲ್ಲ, ಮತ್ತೆ ನೋಡಬೇಕು' ಅನ್ನೋ ವಾಕ್ಯಕ್ಕೆ ಎಷ್ಟು ಅಂತ ನನಗೆ ಗ್ಯಾರಂಟಿ ಕೊಡೋಕೆ ಆಗಲಿಲ್ಲ. ಒಂದು ವೇಳೆ ಶಿಕ್ಷಣ ಇಲಾಖೆಯವರು ಯಾರಾದರೂ ಇದನ್ನ ಓದುತ್ತಿದ್ದರೆ, ಪೆನ್ಸಿಲ್ ಚಿತ್ರಕ್ಕಿಂತ ಆ ವಾಕ್ಯಕ್ಕೆ ಜಾಸ್ತಿ ಕೊಡಿ. ಖರ್ಚಿಲ್ಲದ ಸುಧಾರಣೆ.

ಆಮೇಲೆ ಫೋನ್ ಭಾವನ ಕೈಗೆ ಹೋಯ್ತು. ನಾನು ಸ್ವಲ್ಪ ಹಿಂಜರಿದೇ ಕೇಳಿದೆ, ತೋಟದವರಿಗೆ ಗೊತ್ತಾದರೆ ಏನಾದ್ರೂ ತೊಂದರೆ ಆಗುತ್ತಾ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆಗ್ಬೋದು, ಆಗ್ದೇನೂ ಇರ್ಬೋದು. ಆದ್ರೆ ಆರು ಬಂದಿದ್ರೆ ಆರು ಅಂತಾನೇ ಬರೀಬೇಕಪ್ಪ. ನಾನು ದಿನಾ ಹಾಜರಿ ಬರೆಯೋನು. ಆರಾಳು ಬಂದ ದಿನ ಎಂಟು ಅಂತ ಬರೆದ್ರೆ ನನ್ನನ್ನ ಕೆಲಸದಲ್ಲಿ ಇಟ್ಕೋತಾರಾ?"

ಈ ಭಾನುವಾರ ಅವಳು, ಇನ್ನು ನಾಲ್ಕು ಗೆಳತಿಯರು ಸೇರಿ 100 ಕಾಳು ಇಡ್ತಿದ್ದಾರೆ. ಎಲ್ಲ ತಟ್ಟೆಗಳೂ ಅಡುಗೆಮನೆ ಕಟ್ಟೆ ಮೇಲೆ. ವಾಸನೆ ಸಹಿಸಿಕೊಳ್ಳೋಕೆ ಅಕ್ಕ ಒಪ್ಪಿದ್ದಾಳೆ.